ವಾಸನೆ ಉಂಟು

ನಮ್ಮ ಜಿಲ್ಲೆಯಲ್ಲಿ ವೇದಿಕೆ ಇಲ್ಲದೆ ಏನೂ ಆಗುವುದಿಲ್ಲ. ಬಸ್ ತಂಗುದಾಣಕ್ಕೆ ಹೊಸ ಬೆಂಚು ಹಾಕಿದರೂ ಎದುರಲ್ಲಿ ಶಾಮಿಯಾನ ಏಳುತ್ತದೆ, ಅದರೊಳಗೆ ವೇದಿಕೆ ಏಳುತ್ತದೆ, ವೇದಿಕೆಯ ಮೇಲೆ ಕೆಳಗಿನವರಿಗಿಂತ ಹೆಚ್ಚು ಜನ ಕುಳಿತಿರುತ್ತಾರೆ. ಒಬ್ಬರು ಸ್ವಾಗತಿಸುತ್ತಾರೆ, ಒಬ್ಬರು ಪ್ರಸ್ತಾವಿಸುತ್ತಾರೆ, ಒಬ್ಬರು ವಂದಿಸುತ್ತಾರೆ, ಇನ್ನೊಬ್ಬರು ನಿರೂಪಿಸುತ್ತಾರೆ. ಮರುದಿನ ಪತ್ರಿಕೆಯಲ್ಲಿ ಅಷ್ಟೂ ಹೆಸರು ಬರುತ್ತದೆ. ಬೆಂಚಿನ ಬಗ್ಗೆ ಒಂದು ಸಾಲು ಬಂದರೆ ಬೆಂಚಿನ ಪುಣ್ಯ.

ಸಾರ್ವಜನಿಕ ಸಂಪರ್ಕದ ಕೆಲಸಕ್ಕೆ ಸೇರಿದ ಮೇಲೆ ಈ ವೇದಿಕೆಗಳನ್ನು ಕಟ್ಟಿಸುವುದೇ ನನ್ನ ಹೊಟ್ಟೆಪಾಡಾಯಿತು. ಆದ್ದರಿಂದ ಕಾಪುವಿನ ಒಬ್ಬ ಕ್ಲೈಂಟಿನ ಕೈಯಲ್ಲಿ ವೇದಿಕೆ ಇಲ್ಲದ ಒಂದು ಸಭೆ ಮಾಡಿಸಿದ್ದನ್ನು ನಾನು ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ. ಜಂಬಕ್ಕೆ ಕಾರಣ ಇದೆಯೋ ಇಲ್ಲವೋ, ತೀರ್ಪು ನಿಮ್ಮದು. ತೀರ್ಪು ನನ್ನ ವಿರುದ್ಧ ಬಂದರೆ ನಾನು ಮೇಲ್ಮನವಿ ಸಲ್ಲಿಸುತ್ತೇನೆ, ಅದು ಬೇರೆ ವಿಷಯ.

ನಮ್ಮ ಆಫೀಸು ಮಣಿಪಾಲದ ಒಂದು ಹಳೆಯ ಕಟ್ಟಡದಲ್ಲಿದೆ. ಎರಡು ಕೋಣೆ, ಒಬ್ಬ ಬಾಸ್, ಒಬ್ಬ ಡಿಸೈನರ್, ನಾನು. ಗೋಡೆಯ ಆಚೆ ಒಬ್ಬ ಆಡಿಟರರ ಕಚೇರಿ. ಬಾಸ್ ಹಿಂದೆ ಉಡುಪಿಯಲ್ಲಿ ಪತ್ರಿಕಾ ವರದಿಗಾರರಾಗಿದ್ದವರು, ಏಕಾದಶಿಗೆ ಈರುಳ್ಳಿಯನ್ನೂ ಮುಟ್ಟದವರು. ಅವರು ನನ್ನನ್ನು ಮೊದಲು ನೋಡಿದ್ದು ಕಾಲೇಜಿನ ಚರ್ಚಾಸ್ಪರ್ಧೆಯೊಂದರಲ್ಲಿ. ಅವರು ತೀರ್ಪುಗಾರರು, ನಾನು ಸೋತವಳು. ಕೆಲಸಕ್ಕೆ ಯಾಕೆ ತೆಗೆದುಕೊಂಡಿರಿ ಎಂದು ಆಮೇಲೊಮ್ಮೆ ಕೇಳಿದಾಗ, ಸೋತ ಮೇಲೂ ತೀರ್ಪುಗಾರರ ಮೇಜಿನ ಹತ್ತಿರ ಬಂದು ಮತ್ತೆ ವಾದ ಮಾಡಿದವಳು ನೀನೊಬ್ಬಳೇ ಎಂದರು. ಅದನ್ನು ಹೊಗಳಿಕೆ ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಅವರದ್ದೊಂದು ನಿಯಮವಿತ್ತು. ಕ್ಲೈಂಟಿನ ಮನೆಯಲ್ಲಿ ಚಹಾ ಮುಗಿಯುವವರೆಗೆ ‘ಇಲ್ಲ’ ಎನ್ನಬಾರದು. ಸಂಬಂಧ ಬೆಳೆಯುವುದು ಹಾಗೆಯಂತೆ. ನನಗೆ ಆ ಮಾತಿನಲ್ಲಿ ನಂಬಿಕೆ ಇರಲಿಲ್ಲ. ಹೂಂಗುಟ್ಟಿ ಬೆಳೆಸಿದ ಸಂಬಂಧ ಮದುವೆ ಮನೆಯಲ್ಲಿ ನಡೆದೀತು, ಕೆಲಸದಲ್ಲಿ ನಡೆಯುವುದಿಲ್ಲ ಎಂದು ವಾದಿಸಿದೆ. ಬಾಸ್ ನಕ್ಕು, ಸರಿ, ಹಾಗಾದರೆ ಕಾಪುವಿನವರನ್ನು ನೀನೇ ನೋಡಿಕೋ ಎಂದುಬಿಟ್ಟರು.

ಕಾಪುವಿನವರು ಎಂದರೆ ಫಿಶ್‌ಮೀಲ್ ಫ್ಯಾಕ್ಟರಿಯ ಧಣಿ. ಮಾರಾಟಕ್ಕಾಗದ ಸಣ್ಣ ಮೀನನ್ನು ಬೇಯಿಸಿ, ಒಣಗಿಸಿ, ಹುಡಿ ಮಾಡಿ ಕೋಳಿ ಮತ್ತು ಸಿಗಡಿಯ ಆಹಾರಕ್ಕೆ ಕಳಿಸುವ ಫ್ಯಾಕ್ಟರಿ. ಧಣಿ ಬೋಟಿನಿಂದಲೇ ಮೇಲೆ ಬಂದವರು, ದೊಡ್ಡ ದನಿ, ಬೇಗ ಬರುವ ಸಿಟ್ಟು. ನಮಗಿಂತ ಮೊದಲು ಎರಡು ಏಜೆನ್ಸಿಗಳು ಅವರ ಜೊತೆ ಇದ್ದವು. ಒಂದನ್ನು ಅವರು ಓಡಿಸಿದ್ದರು, ಇನ್ನೊಂದು ತಾನಾಗಿ ಓಡಿತ್ತು. ನಮ್ಮ ಆಫೀಸಿಗೆ ಅವರೇ ಎಲ್ಲರಿಗಿಂತ ದೊಡ್ಡ ಕ್ಲೈಂಟ್. ಉಳಿಸಿಕೊಂಡರೆ ಈ ಕ್ಲೈಂಟ್ ನಿನ್ನದು, ಕಳೆದುಕೊಂಡರೆ ಮತ್ತೆ ಶಾಲಾ ವಾರ್ಷಿಕೋತ್ಸವದ ವರದಿ ಬರೆಯುತ್ತಾ ಕೂತುಕೋ ಎಂದು ಬಾಸ್ ಬಸ್ಸು ಹತ್ತಿಸಿದರು.

ಆಗ ಮಳೆಗಾಲ. ಮೀನುಗಾರಿಕೆ ನಿಂತು ಬೋಟುಗಳೆಲ್ಲ ದಡ ಸೇರಿದ್ದವು, ಫ್ಯಾಕ್ಟರಿ ಮುಚ್ಚಿತ್ತು. ಜಗಲಿಯಲ್ಲಿ ಕುಳ್ಳಿರಿಸಿ, ಚಹಾ ಬನ್ಸ್ ಕೊಟ್ಟು, ಧಣಿ ವಿಷಯ ತೆಗೆದರು. ಊರಿನವರು ವಾಸನೆ ಎಂದು ಗಲಾಟೆ ಮಾಡುತ್ತಿದ್ದಾರೆ. ಮೀನುಗಾರಿಕೆ ಶುರುವಾಗುವ ಹೊತ್ತಿಗೆ ಫ್ಯಾಕ್ಟರಿಯ ಪರವಾನಿಗೆ ನವೀಕರಣ ಆಗಬೇಕು, ಕೊಡಬೇಡಿ ಎಂದು ಊರಿನವರು ಪಂಚಾಯತಿನಲ್ಲಿ ಪಟ್ಟುಹಿಡಿದಿದ್ದಾರೆ. ಕೊಡದಿದ್ದರೆ ಬಾಗಿಲು ತೆರೆಯುವ ಹಾಗಿಲ್ಲ. ಆದ್ದರಿಂದ ಒಂದು ಭರ್ಜರಿ ಕಾರ್ಯಕ್ರಮ ಬೇಕು. ಅಂಗಳದಲ್ಲಿ ವೇದಿಕೆ, ದೊಡ್ಡವರಿಂದ ದೀಪ, ಊರಿನ ಹಿರಿಯರಿಗೆ ಶಾಲು ಹೊದಿಸಿ ಸನ್ಮಾನ, ಹೆದ್ದಾರಿಯಲ್ಲಿ ‘ಹಸಿರು ಉದ್ಯಮ’ ಎಂದು ಫ್ಲೆಕ್ಸ್. ಶಾಲು ಹೊದ್ದವರು ಮತ್ತೆ ಮೂಗು ಮುಚ್ಚಲಿಕ್ಕಿಲ್ಲ ಎಂಬುದು ಲೆಕ್ಕಾಚಾರ.

ನನ್ನ ಚಹಾ ಇನ್ನೂ ಅರ್ಧ ಇತ್ತು.

“ಸರ್, ವಾಸನೆ ಉಂಟಾ ಇಲ್ವಾ?”

“ಮೀನಿನ ಫ್ಯಾಕ್ಟರಿಯಲ್ಲಿ ಎಂತ ಮಾರಾಯ್ತಿ, ಶಂಕರಪುರದ ಮಲ್ಲಿಗೆಯ ಪರಿಮಳ ಬರ್ತದಾ?”

“ಹಾಗಾದ್ರೆ ಅದನ್ನೇ ಹೇಳುವ. ವಾಸನೆ ಉಂಟು ಅಂತ.”

ಅವರು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಬಲೆಯಲ್ಲಿ ಬಂಗುಡೆಯ ನಡುವೆ ಚಪ್ಪಲಿ ಸಿಕ್ಕಿದ ಹಾಗೆ. ವಾಸನೆ ಉಂಟು ಎಂದು ಹೇಳಲಿಕ್ಕೆ ದುಡ್ಡು ಕೊಟ್ಟು ನಿಮ್ಮನ್ನು ಇಟ್ಟುಕೊಳ್ಳಬೇಕಾ, ಅದನ್ನು ಊರಿನವರು ಧರ್ಮಕ್ಕೆ ಹೇಳುತ್ತಿದ್ದಾರಲ್ಲ ಎಂದರು. ವಾದ ಕೆಟ್ಟದ್ದಿರಲಿಲ್ಲ. ನನಗೆ ಮೊದಲ ಬಾರಿಗೆ ಅವರ ಮೇಲೆ ಗೌರವ ಬಂತು. ಒಂದು ವಾರ ಕೊಡಿ, ಫ್ಲೆಕ್ಸ್ ಆಮೇಲೆ ಮಾಡುವ ಎಂದು ಎದ್ದೆ.

ಚರ್ಚಾಸ್ಪರ್ಧೆಯಲ್ಲಿ ಕಲಿತ ಒಂದೇ ಒಂದು ವಿದ್ಯೆ ನನ್ನನ್ನು ಇವತ್ತಿನವರೆಗೆ ಸಾಕಿದೆ. ನಿನ್ನ ವಾದವನ್ನು ಆಮೇಲೆ ಬರೆ, ಮೊದಲು ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಬರೆ. ಪರವೋ ವಿರೋಧವೋ ಎಂಬುದನ್ನು ಅಲ್ಲಿ ನಾಣ್ಯ ತೀರ್ಮಾನಿಸುತ್ತದೆ. ಹಾಗಾಗಿ ಎರಡನ್ನೂ ಹೊತ್ತುಕೊಂಡೇ ಹೋಗಬೇಕು. ಧಣಿಯ ಎದುರಾಳಿ ಊರು. ನಾನು ಊರಿಗೆ ಹೋದೆ.

ಫ್ಯಾಕ್ಟರಿಯ ಗೇಟಿನ ಎದುರು, ರಸ್ತೆಯ ಈಚೆ, ಕ್ರೈಸ್ತ ಮದುವಣಗಿತ್ತಿಯರಿಗೆ ಬಿಳಿ ಗೌನು ಹೊಲಿಯುವ ಒಬ್ಬರು ಆಂಟಿಯ ಮನೆ. ಊರಿನ ಗಲಾಟೆಗೆ ಈ ‘ಬಾಯಮ್ಮ’ನೇ ಮುಂದಾಳು ಎಂದು ಧಣಿ ಮೊದಲೇ ಹಲ್ಲು ಕಡಿದಿದ್ದರು. ನಾನು ಧಣಿಯ ಕಡೆಯಿಂದ ಬಂದವಳು ಎಂದು ಹೇಳಿಯೇ ಒಳಗೆ ಹೋದೆ. ಆಂಟಿ ಮುಖ ಗಂಟಿಕ್ಕಿದರೂ ಕುರ್ಚಿ ಕೊಟ್ಟರು. ಹಿಂದಿನ ಎರಡು ಏಜೆನ್ಸಿಯವರು ಗೇಟು ದಾಟಿ ಈಚೆ ಬಂದಿರಲಿಲ್ಲವಂತೆ. ಒಂದು ಗೌನಿನ ಕತೆ ಹೇಳಿದರು. ಮಣಿ, ಲೇಸು ಎಲ್ಲ ಮುಗಿಸಿ ಇಸ್ತ್ರಿ ಮಾಡಿ ಕಿಟಕಿಯ ಹತ್ತಿರ ತೂಗುಹಾಕಿದ್ದಾರೆ. ಮಧ್ಯಾಹ್ನ ಕಡಲ ಗಾಳಿ ಒಳಮುಖವಾಗಿ ತಿರುಗಿದೆ, ಆಚೆ ಮೀನು ಬೇಯುತ್ತಿದೆ. ಸಂಜೆ ಬಂದ ಮದುಮಗಳ ತಾಯಿ ಗೌನನ್ನು ಕಣ್ಣಿನಿಂದ ನೋಡಲೇ ಇಲ್ಲ, ಮೂಗಿನ ಹತ್ತಿರ ಹಿಡಿದು ನೋಡಿ, ಡ್ರೈಕ್ಲೀನಿಗೆಂದು ಉಡುಪಿಗೆ ಕೊಂಡುಹೋದರು. ಆಮೇಲೆ ಆ ಮನೆಯಿಂದ ಯಾರೂ ಹೊಲಿಸಲಿಕ್ಕೆ ಬರಲಿಲ್ಲ.

ಫ್ಯಾಕ್ಟರಿ ಮುಚ್ಚಬೇಕಾ ಎಂದು ನಾನು ನೇರ ಕೇಳಿದೆ.

“ಮುಚ್ಚಿ ಅಂತ ಯಾರು ಹೇಳಿದ್ದು? ನನ್ನ ಅಕ್ಕನ ಮಗ ಅಲ್ಲಿಯೇ ಡ್ಯೂಟಿ ಮಾಡುವುದು. ಇವತ್ತು ಬೇಯಿಸ್ತೇವೆ ಅಂತ ಒಂದು ಮಾತು ಹೇಳಿದ್ರೆ ನಾನು ಬಟ್ಟೆ ಹೊರಗೆ ತೆಗೆಯುವುದಿಲ್ಲ. ಅದನ್ನು ಹೇಳಲಿಕ್ಕೆ ಅವರಿಗೆ ಎಂತ ಕಷ್ಟ?”

ಇನ್ನೂ ಒಂದು ವಿಷಯ ಹೇಳಿದರು. ಚಿಮಣಿಗಿಂತ ಹೆಚ್ಚು ನಾರುವುದು ಗೇಟಿನ ಹೊರಗೆ ಸಾಲಾಗಿ ನಿಲ್ಲುವ ಲಾರಿಗಳು. ಮೇಲೆ ಹೊದಿಕೆ ಇಲ್ಲ, ಕೆಳಗೆ ನೀರು ಸೋರುತ್ತದೆ, ಅದೂ ಅವರ ಮನೆಯ ಮೆಟ್ಟಿಲ ಎದುರೇ. ಬೇರೆ ಮನೆಗಳಲ್ಲಿಯೂ ನಾನು ಇದನ್ನೇ ಬೇರೆ ಬೇರೆ ಮಾತಿನಲ್ಲಿ ಕೇಳಿದೆ. ಮೀನು ತಿಂದು ಬೆಳೆದ ಊರು ಅದು. ಮೀನಿನ ವಾಸನೆಗೆ ಹೆದರುವವರು ಯಾರೂ ಇರಲಿಲ್ಲ. ತಮ್ಮನ್ನು ಲೆಕ್ಕಕ್ಕೇ ಇಡದೆ ತಮ್ಮ ಮನೆಯೊಳಗೆ ಕಳಿಸುವ ವಾಸನೆಯ ಬಗ್ಗೆ ಅವರ ಸಿಟ್ಟು.

ವಾರ ಕಳೆದು ಮತ್ತೆ ಧಣಿಯ ಜಗಲಿ. ಒಂದು ಆಟ ಆಡುವ ಎಂದೆ. ಟಾಸ್ ಹಾಕುವುದು, ಒಬ್ಬರು ಊರು, ಒಬ್ಬರು ಧಣಿ, ಊರು ಹೇಳಿದ್ದಕ್ಕೆ ಧಣಿ ಉತ್ತರ ಕೊಡುವುದು. ಮಳೆಗೆ ಮನೆಯಲ್ಲಿ ಕೂತು ಬೇಸರ ಬಂದಿದ್ದ ಅವರಿಗೆ ಖುಷಿಯಾಯಿತು, ನಾಣ್ಯವನ್ನು ತಾವೇ ಹಾರಿಸಿದರು. ನನಗೆ ಊರು ಬಂತು. ಬಾರದಿದ್ದರೂ ನಾನು ಬಿಡುವವಳಿರಲಿಲ್ಲ.

ಮೊದಮೊದಲು ಅವರು ನಗುತ್ತಾ ಉತ್ತರ ಕೊಟ್ಟರು. ಉದ್ಯೋಗ ಕೊಟ್ಟಿದ್ದೇನೆ ಎಂದರು. ಉದ್ಯೋಗ ಕೊಟ್ಟ ಮನೆಗೆ ವಾಸನೆಯನ್ನು ಬಡ್ಡಿಯಾಗಿ ಕೊಡಬೇಕಾ ಎಂದೆ. ಭಜನಾ ಮಂದಿರಕ್ಕೆ ಹಂಚು ಹಾಕಿಸಿದ್ದೇನೆ ಎಂದರು. ಹಂಚಿನ ಕೆಳಗೆ ಕೂತವರೂ ಉಸಿರಾಡುತ್ತಾರೆ ಎಂದೆ. ಲಾರಿಗಳ ವಿಷಯಕ್ಕೆ ಬಂದಾಗ ಅವರ ನಗು ನಿಂತಿತು. ಗೌನಿನ ಕತೆಗೆ ಬಂದಾಗ ಕುರ್ಚಿಯಿಂದ ಮುಂದೆ ಬಾಗಿದರು. ಕೊನೆಗೆ ನಾನು, ಮೀನು ಬೇಯಿಸುವ ದಿನ ಒಂದು ಮಾತು ಹೇಳಲಿಕ್ಕೆ ನಿಮಗೆ ಎಂತ ಕಷ್ಟ ಎಂದು ಆಂಟಿಯ ದನಿಯಲ್ಲಿಯೇ ಕೇಳಿದೆ.

“ನನ್ನ ಫ್ಯಾಕ್ಟರಿ ನಡೆಸಲಿಕ್ಕೆ ನಾನು ಆ ಬಾಯಮ್ಮನ ಹತ್ತಿರ ಕೇಳಬೇಕಾ? ನೀನು ಯಾರ ಕಡೆ?”

“ಈಗ ಊರಿನ ಕಡೆ ಸರ್. ಟಾಸ್ ಹಾಕಿದ್ದು ನೀವು.”

ಅವರು ಎದ್ದು ಒಳಗೆ ಹೋದರು. ಅವರ ಹೆಂಡತಿ ಹೊರಗೆ ಬಂದು, ಮಳೆ ಬರುವ ಮೊದಲು ಹೊರಡುವುದು ಒಳ್ಳೆಯದು ಎಂದರು. ಮಳೆ ಆಗಲೇ ಸುರಿಯುತ್ತಿತ್ತು.

ನಾನು ಬಸ್ಸಿನಿಂದ ಇಳಿಯುವ ಮೊದಲೇ ಬಾಸಿಗೆ ಫೋನು ಹೋಗಿತ್ತು. ನಾಳೆ ನಾನೇ ಮಣಿಪಾಲಕ್ಕೆ ಬರುತ್ತೇನೆ, ಇಷ್ಟಕ್ಕೇ ಮುಗಿಸುವ ಎಂದಿದ್ದರಂತೆ ಧಣಿ. ಇಲ್ಲಿ ಯಾರೂ ಸಂಬಂಧವನ್ನು ಫೋನಿನಲ್ಲಿ ಮುರಿಯುವುದಿಲ್ಲ. ಮನೆಗೆ ಬಂದು, ಕೂತು, ನೀರು ಕುಡಿದು ಮುರಿಯುತ್ತಾರೆ. ಬಾಸ್ ನನ್ನನ್ನು ಬೈಯಲಿಲ್ಲ. ಚಹಾ ಮುಗಿದಿತ್ತಾ ಎಂದು ಮಾತ್ರ ಕೇಳಿದರು. ಮುಗಿದಿತ್ತು ಎಂದೆ. ಹಾಗಾದರೆ ನಿಯಮಭಂಗ ಆಗಲಿಲ್ಲ ಎಂದರು. ಆ ಸಂಜೆ ಕಾರ್ಕಳದ ಬಸ್ಸಿನಲ್ಲಿ ಕೂತು, ವಾರ್ಷಿಕೋತ್ಸವದ ವರದಿಯ ಮೊದಲ ವಾಕ್ಯವನ್ನು ಮನಸ್ಸಿನಲ್ಲೇ ಬರೆದು ನೋಡಿದೆ. ಮನೆಯಲ್ಲಿ ಅಮ್ಮನಿಗೆ ಹೇಳಿದರೆ, ಎದುರಿಗೆ ಜನ ಇಲ್ಲದಿದ್ದರೆ ನೀನು ಕನ್ನಡಿಯ ಹತ್ತಿರವಾದರೂ ಜಗಳ ಮಾಡುವವಳು ಎಂದು ಅನ್ನ ಬಡಿಸಿದಳು. ಆದರೂ ನಾನು ತಪ್ಪು ಹೇಳಿದ್ದೇನೆ ಎಂದು ಒಂದು ಕ್ಷಣಕ್ಕೂ ಅನಿಸಲಿಲ್ಲ. ತಪ್ಪು ಎಲ್ಲಿದೆ ತೋರಿಸಿ ಎಂದು ನಾನು ರಾತ್ರಿಯಿಡೀ ಚಾವಣಿಗೆ ಸವಾಲು ಹಾಕುತ್ತಿದ್ದೆ.

ಮರುದಿನ ಧಣಿ ಬಂದರು. ನಮ್ಮನ್ನು ಕೆಲಸದಿಂದ ಬಿಡಿಸಲಿಕ್ಕೆ ಬಂದವರು, ಆದರೂ ಬರಿಗೈಯಲ್ಲಿ ಬರಲಿಲ್ಲ. ಒಬ್ಬರ ಜಾಗಕ್ಕೆ ಹೋಗುವಾಗ ಕೈ ಬೀಸಿಕೊಂಡು ಹೋಗುವುದು ಅವರ ಮನೆತನದಲ್ಲಿಲ್ಲ. ಮಳೆಗಾಲದ ಬರಗಾಲದಲ್ಲಿಯೂ ಎಲ್ಲಿಂದಲೋ ಒಂದು ದೊಡ್ಡ ಅಂಜಲ್ ಮೀನು ಹೊಂದಿಸಿ, ಐಸ್ ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದರು. ಅದನ್ನು ಬಾಸಿನ ಮೇಜಿನ ಮೇಲೆ ಇಡಲು ಹೋದಾಗ ಬಾಸ್ ಕುರ್ಚಿ ಸಮೇತ ಹಿಂದೆ ಸರಿದರು. ಬಾಸ್ ಮೀನು ಮುಟ್ಟದವರೆಂದು ಧಣಿಗೆ ಆಗ ನೆನಪಾಯಿತು. ನಾಲಿಗೆ ಕಚ್ಚಿಕೊಂಡು ಚೀಲವನ್ನು ಹೊರಗೆ ಕಾರಿಡಾರಿನಲ್ಲಿ, ಚಪ್ಪಲಿ ಸ್ಟ್ಯಾಂಡಿನ ಕೆಳಗೆ ಇಟ್ಟು ಬಂದರು.

ಆಮೇಲೆ ಮಾತು. ಹುಡುಗಿ ಬುದ್ಧಿವಂತೆ, ಆದರೆ ನಮಗೆ ಹೊಂದುವುದಿಲ್ಲ ಎಂಬ ಧಾಟಿಯಲ್ಲಿ ಅವರು ಸುತ್ತಿ ಬಳಸಿ ಹೇಳುತ್ತಿದ್ದರು. ಸಿಟ್ಟಿನ ಮನುಷ್ಯ ಇಷ್ಟು ಮೃದುವಾಗಿ ಮಾತಾಡಿದಾಗಲೇ ನನಗೆ ನಿಜವಾಗಿ ಹೆದರಿಕೆಯಾದದ್ದು. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಪಕ್ಕದ ಆಡಿಟರು. ಐಸ್ ಕರಗಿ, ನೀರು ಕಾರಿಡಾರಿನ ಇಳಿಜಾರು ಹಿಡಿದು, ಅವರ ಬಾಗಿಲಿನ ಕೆಳಗಿಂದ ಒಳಗೆ ಹೋಗಿತ್ತು.

ಚೀಲ ಯಾರದ್ದೆಂದು ಅವರಿಗೆ ಗೊತ್ತಿರಲಿಲ್ಲ. ಬಾಸಿನ ಮುಖ ನೋಡಿಯೇ ಹೇಳಿದರು, “ಮೀನು ತರಬೇಡಿ ಅಂತ ನಾನು ಹೇಳುವುದಿಲ್ಲ ಮಾರಾಯ್ರೆ. ಮೊದಲೇ ಒಂದು ಮಾತು ಹೇಳಿದ್ರೆ ಬಾಗಿಲಿಗೆ ಬಟ್ಟೆ ಒತ್ತಿ ಕೂತುಕೊಳ್ತಿದ್ದೆ. ಈಗ ಒಳಗೆ ಬ್ಯಾಂಕಿನವರು ಬಂದು ಕೂತಿದ್ದಾರೆ.”

ಅವರು ಹೋದ ಮೇಲೆ ಬಾಸ್ ಪೆನ್ನಿನ ಮುಚ್ಚಳ ತೆಗೆಯುವುದು ಹಾಕುವುದು ಮಾಡುತ್ತಿದ್ದರು. ಧಣಿ ನಿಧಾನಕ್ಕೆ ನನ್ನ ಕಡೆ ತಿರುಗಿದರು.

“ಇದು ನೀನು ಹೇಳಿಕೊಟ್ಟದ್ದಾ?”

“ಅಲ್ಲ ಸರ್. ನಾನಾದ್ರೆ ಇಷ್ಟು ಮರ್ಯಾದೆಯಲ್ಲಿ ಹೇಳ್ತಿರ್ಲಿಲ್ಲ.”

ಅವರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ನಗು ಹೊರಗೆ ಬಂತು. ಅಂಥ ನಗುವನ್ನು ನಾನು ಮತ್ತೆ ಕೇಳಿಲ್ಲ. ನಗು ಮುಗಿದ ಮೇಲೆ ಕಣ್ಣೊರೆಸಿಕೊಂಡು, ಆ ಲಾರಿಗಳನ್ನು ಒಳಗೆ ನಿಲ್ಲಿಸಲಿಕ್ಕೆ ಜಾಗ ಉಂಟು, ಇಷ್ಟು ವರ್ಷ ಯಾರಿಗೂ ಹೊಳೆಯಲಿಲ್ಲ ಎಂದರು. ಹೊಳೆಯಲಿಲ್ಲ ಎಂಬುದನ್ನು ನಾನು ನಂಬಲಿಲ್ಲ, ಆದರೆ ಅವತ್ತು ವಾದಕ್ಕೆ ಹೋಗಲಿಲ್ಲ. ಎಲ್ಲಿ ನಿಲ್ಲಿಸಬೇಕೆಂದು ತಿಳಿದಿರುವುದೂ ಚರ್ಚೆಯ ಒಂದು ಅಂಗ. ಬಿಡಿಸುವ ಮಾತು ಮತ್ತೆ ಎದ್ದೇ ಇಲ್ಲ. ಅಂಜಲ್ ನನ್ನ ಪಾಲಿಗೆ ಬಂತು. ಕಂಡಕ್ಟರ್ ನನ್ನನ್ನು ಬಸ್ಸಿನ ಹಿಂದಿನ ಸೀಟಿಗೆ ಕಳಿಸಿದ, ಅಮ್ಮ ಮಾತ್ರ ಮೊದಲ ಬಾರಿಗೆ ನನ್ನ ವೃತ್ತಿಯ ಬಗ್ಗೆ ಒಳ್ಳೆಯ ಮಾತಾಡಿದಳು.

ಆದರೆ ವೇದಿಕೆ ಬೇಡ ಎಂದು ಒಪ್ಪಿಸಲಿಕ್ಕೆ ಇನ್ನೂ ಹೆಣಗಬೇಕಾಯಿತು. ಧಣಿಗೆ ಅದು ಮರ್ಯಾದೆಯ ಪ್ರಶ್ನೆ. ವೇದಿಕೆ ಇಲ್ಲದಿದ್ದರೆ ಜನ ಏನು ತಿಳಿಯುತ್ತಾರೆ, ಧಣಿಯ ಹತ್ತಿರ ಹಲಗೆಗೂ ಗತಿ ಇಲ್ಲ ಎಂದುಕೊಳ್ಳುವುದಿಲ್ಲವಾ? ಮೇಲೆ ನಿಂತು ಹೇಳಿದರೆ ಭಾಷಣ, ಎದುರು ಕೂತು ಹೇಳಿದರೆ ಮಾತು, ಊರಿಗೆ ಬೇಕಾದದ್ದು ಎರಡನೆಯದು ಎಂದೆ. ಬಾಸ್ ಕೂಡ ಅವತ್ತು ನನ್ನ ಪರವಾಗಿ ಒಂದು ಮಾತು ಹಾಕಿದರು. ತಾವು ವರದಿಗಾರರಾಗಿದ್ದಾಗ ವೇದಿಕೆಯ ಮೇಲಿಂದ ಬಂದ ಒಂದು ಸತ್ಯವೂ ನೆನಪಿಲ್ಲ, ಹೆಸರುಗಳು ಮಾತ್ರ ನೆನಪಿವೆ ಎಂದರು. ಧಣಿ, ಶಾಲೂ ಬೇಡವಾ ಎಂದು ಕೇಳಿದರು. ಶಾಲೂ ಬೇಡ ಎಂದೆ. ಚಹಾ? ಚಹಾ ಬೇಕು.

ಮಳೆ ತುಸು ಬಿಟ್ಟ ಒಂದು ಭಾನುವಾರ ಸಂಜೆ ಫ್ಯಾಕ್ಟರಿಯ ಅಂಗಳದಲ್ಲಿ ಸಭೆ. ಶಾಮಿಯಾನದವನು ಸ್ಟೇಜ್ ಯಾವ ಕಡೆ ಎಂದು ಮತ್ತೆ ಮತ್ತೆ ಫೋನು ಮಾಡಿದ. ಇಲ್ಲ ಎಂದರೆ ನಂಬದೆ, ಯಾವುದಕ್ಕೂ ಇರಲಿ ಎಂದು ಹಲಗೆ ತುಂಬಿಕೊಂಡೇ ಬಂದಿದ್ದ. ಕುರ್ಚಿಗಳನ್ನು ದುಂಡಗೆ ಹಾಕಿಸಿದೆವು. ಪಂಚಾಯತ್ ಅಧ್ಯಕ್ಷರು ಬಿಳಿ ಅಂಗಿಯಲ್ಲಿ ಬಂದು, ವೇದಿಕೆಯನ್ನು ಹುಡುಕಿ, ಅಂಗಳದ ಸುತ್ತ ಒಮ್ಮೆ ನಡೆದು, ಕೊನೆಗೆ ಗೌನಿನ ಆಂಟಿಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತರು. ಅಧ್ಯಕ್ಷತೆ ಯಾರದ್ದು ಎಂದು ವರದಿಗಾರನೊಬ್ಬ ನನ್ನ ಕಿವಿಯಲ್ಲಿ ಕೇಳಿದ. ಯಾರದ್ದೂ ಅಲ್ಲ ಎಂದೆ. ಹಾಗಾದರೆ ಇದು ಕಾರ್ಯಕ್ರಮವೇ ಅಲ್ಲ ಎಂದ ಅವನು. ಅವನ ಮಾತಿನಲ್ಲಿಯೂ ತಥ್ಯವಿತ್ತು.

ಧಣಿ ಎದ್ದು ನಿಂತರು. ನಾನು ಅವರಿಗೆ ಭಾಷಣ ಬರೆದುಕೊಟ್ಟಿರಲಿಲ್ಲ. ಮೊದಲ ಎರಡು ಶಬ್ದ ಮಾತ್ರ ಹೇಳಿದ್ದೆ, ಉಳಿದದ್ದು ನಿಮ್ಮದು ಎಂದಿದ್ದೆ. ಅವರು ಸುತ್ತ ನೋಡಿದರು. ಅಂಗಿಯ ತೋಳನ್ನು ಮಡಚಿ, ಮತ್ತೆ ಬಿಡಿಸಿದರು. ಈಗ ಅವರು ಉದ್ಯೋಗ, ಭಜನಾ ಮಂದಿರ, ಹಂಚು ಎಂದು ಶುರುಮಾಡಿದರೆ ಎಲ್ಲ ಮುಗಿಯಿತು ಎಂದುಕೊಂಡೆ.

“ವಾಸನೆ ಉಂಟು,” ಎಂದರು.

ಹಿಂದಿನ ಸಾಲಿನಲ್ಲಿ ಯಾರೋ ತುಳುವಿನಲ್ಲಿ ಏನೋ ಅಂದರು, ಅದಕ್ಕೆ ಇಡೀ ಅಂಗಳ ನಕ್ಕಿತು, ಧಣಿಯೂ ನಕ್ಕರು. ಆ ನಗುವಿನ ನಂತರ ಅವರು ಕನ್ನಡ ಬಿಟ್ಟು ತುಳುವಿಗೆ ಇಳಿದರು. ಬೋಟಿನಲ್ಲಿ ಜೊತೆಗಿದ್ದವರ ಹತ್ತಿರ ಮಾತಾಡುವ ಹಾಗೆ ಮಾತಾಡಿದರು. ಲಾರಿಗಳು ಇನ್ನು ಹೊದಿಕೆ ಹಾಕಿಯೇ ಬರುತ್ತವೆ, ಗೇಟಿನ ಒಳಗೆ ನಿಲ್ಲುತ್ತವೆ. ಬಂದರಿನಿಂದ ಲಾರಿ ಹೊರಟ ಕೂಡಲೇ ಊರಿನ ಎಲ್ಲ ಫೋನಿಗೂ ಇವತ್ತು ಬೇಯಿಸುತ್ತೇವೆ ಎಂದು ಮೆಸೇಜು ಬರುತ್ತದೆ. ವಾಸನೆ ಪೂರ್ತಿ ಹೋಗುತ್ತದೆ ಎಂದು ಹೇಳಿದರೆ ಸುಳ್ಳಾಗುತ್ತದೆ, ಕಡಿಮೆ ಮಾಡುವ ಯಂತ್ರದ ಬಗ್ಗೆ ವಿಚಾರಿಸುತ್ತಿದ್ದೇನೆ, ಬಂದ ದಿನ ಹೇಳುತ್ತೇನೆ, ಬಾರದಿದ್ದರೆ ಬರಲಿಲ್ಲ ಎಂದೂ ಹೇಳುತ್ತೇನೆ ಎಂದರು.

ಆಂಟಿ ಕೈ ಎತ್ತಿದರು. ಮೆಸೇಜು ಕಳಿಸುವುದು ಸರಿ, ನಾವು ವಾಪಸು ಮೆಸೇಜು ಕಳಿಸಿದರೆ ಓದುವವರು ಯಾರು, ಈ ಹುಡುಗಿಯಾ ಎಂದು ನನ್ನನ್ನು ತೋರಿಸಿ ಕೇಳಿದರು. ನಾನು ಬಾಯಿ ತೆರೆದಿದ್ದೆ. ಧಣಿ ಕೈಯಲ್ಲೇ ನನ್ನನ್ನು ತಡೆದರು. ಜೇಬಿನಿಂದ ತಮ್ಮ ಸ್ವಂತ ಫೋನು ತೆಗೆದು, ಇದಕ್ಕೆ ಕಳಿಸಿ ಬಾಯಮ್ಮ, ನಾನೇ ಓದುತ್ತೇನೆ, ಮದುವೆಯ ಗೌನು ಇರುವ ದಿನ ಒಂದು ಮಾತು ಹೇಳಿ, ಆಗುವುದಾದರೆ ಬೇಯಿಸುವ ಹೊತ್ತು ಹಿಂದೆಮುಂದೆ ಮಾಡಿಸುತ್ತೇನೆ ಎಂದರು. ಇದು ನಾನು ಹೇಳಿಕೊಟ್ಟದ್ದಲ್ಲ. ನನ್ನ ತಲೆಗೆ ಬಂದೂ ಇರಲಿಲ್ಲ.

ಆ ತಿಂಗಳ ಪಂಚಾಯತ್ ಸಭೆಯಲ್ಲಿ ಪರವಾನಿಗೆ ನವೀಕರಣವಾಯಿತು. ವಿರೋಧಿಸುತ್ತೀರಾ ಎಂದು ಅಧ್ಯಕ್ಷರು ಕೇಳಿದಾಗ, ಮಾತು ಉಳಿಸಿಕೊಂಡರೆ ಇಲ್ಲ ಎಂದು ಆಂಟಿ ಹೇಳಿದರಂತೆ. ಧಣಿ ಮಾತು ಉಳಿಸಿಕೊಂಡರು. ಬೋಟುಗಳು ಕಡಲಿಗೆ ಇಳಿದವು, ಫ್ಯಾಕ್ಟರಿ ತೆರೆಯಿತು. ಒಮ್ಮೆ ಮೆಸೇಜು ತಡವಾದಾಗ ಆಂಟಿ ಫೋನು ಮಾಡಿ ಗದರಿಸಿದ್ದನ್ನು ಧಣಿ ನನಗೆ ಹೆಮ್ಮೆಯಿಂದ ಹೇಳಿಕೊಂಡರು, ತಮ್ಮನ್ನು ಬೈಯುವವರೂ ಊರಲ್ಲಿ ಇದ್ದಾರೆ ಎಂಬ ಹಾಗೆ. ನಮ್ಮ ಬಗ್ಗೆಯೂ ಅಲ್ಲಿ ಇಲ್ಲಿ ಹೇಳಿದರು. ಕಾರ್ಕಳದ ಒಂದು ಗೇರುಬೀಜ ಕಾರ್ಖಾನೆಯವರು ನಮ್ಮ ಆಫೀಸಿಗೆ ಫೋನು ಮಾಡಿ, ಜಗಳ ಮಾಡುವ ಹುಡುಗಿ ನಿಮ್ಮಲ್ಲೇ ಇರುವುದಾ ಎಂದು ಕೇಳಿದಾಗ ಬಾಸ್ ಸ್ಪೀಕರ್ ಹಾಕಿ ನನಗೂ ಕೇಳಿಸಿದರು.

ಕಳೆದ ಮಳೆಗಾಲದಲ್ಲಿ ಧಣಿ ಮತ್ತೆ ಕರೆದರು. ಫ್ಯಾಕ್ಟರಿಯ ಹಿಂದಿನ ಜಾಗದಲ್ಲಿ ಇನ್ನೊಂದು ಶೆಡ್ ಹಾಕುವ ಯೋಚನೆ ಉಂಟು, ಬಾ ಎಂದರು. ನಾನು ಊರಿನ ವಾದವನ್ನೆಲ್ಲ ಸಿದ್ಧಮಾಡಿಕೊಂಡು ಹೋದರೆ ಜಗಲಿಯಲ್ಲಿ ಮೂರು ಕುರ್ಚಿ. ಒಂದರಲ್ಲಿ ಗೌನಿನ ಆಂಟಿ ಕೂತು ಬನ್ಸ್ ತಿನ್ನುತ್ತಿದ್ದರು.

“ಟಾಸ್ ಬೇಡ,” ಎಂದರು ಧಣಿ. “ಈ ಸಲ ನಾನು ಊರು. ನೀನು ಧಣಿ. ಬಾಯಮ್ಮ ತೀರ್ಪು ಕೊಡ್ತಾರೆ.”

ಶೆಡ್ಡಿನ ಪರವಾಗಿ ನಾನು ಎಲ್ಲ ವಿದ್ಯೆಯನ್ನೂ ಖರ್ಚು ಮಾಡಿದೆ. ಧಣಿ ಊರಾಗಿ ನಿಂತು ಒಂದೊಂದನ್ನೂ ಹೊಡೆದು ಹಾಕಿದರು. ಮಳೆನೀರು ಯಾರ ಗದ್ದೆಗೆ ಹೋಗುತ್ತದೆ, ಲಾರಿ ತಿರುಗುವಾಗ ಶಾಲೆಯ ಮಕ್ಕಳು ಎಲ್ಲಿರುತ್ತಾರೆ, ಗಾಳಿ ಯಾವ ಕಿಟಕಿಗೆ ಹೊಡೆಯುತ್ತದೆ ಎಂಬುದೆಲ್ಲ ಅವರ ನಾಲಿಗೆಯ ತುದಿಯಲ್ಲಿತ್ತು. ಕೊನೆಗೆ, ಇದನ್ನೆಲ್ಲ ಊರಿನ ಹತ್ತಿರ ಮೊದಲೇ ಹೇಳಲಿಕ್ಕೆ ನಿನಗೆ ಎಂತ ಕಷ್ಟ ಎಂದು ನನ್ನನ್ನೇ ಕೇಳಿದರು. ನಾನು ಬನ್ಸಿಗೆ ಕೈ ಹಾಕಿದೆ.

ಆಂಟಿ ಸೆರಗಿಗೆ ಕೈ ಒರೆಸಿಕೊಂಡು, ಹುಡುಗಿ ಸೋತಳು ಎಂದರು. ಶೆಡ್ಡಿನ ಜಾಗ ಬದಲಾಯಿತು.

ನಾನು ಆ ತೀರ್ಪನ್ನು ಒಪ್ಪಲಿಲ್ಲ. ಕುರ್ಚಿಯನ್ನು ಆಂಟಿಯ ಹತ್ತಿರ ಎಳೆದುಕೊಂಡು, ಎರಡನೆಯ ಅಂಶವನ್ನು ನೀವು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಎಂದು ಶುರುಮಾಡಿದೆ. ಧಣಿ ಒಳಗೆ ತಿರುಗಿ, ಇನ್ನೊಂದು ಸುತ್ತು ಚಹಾ ಇಡು, ಇವಳು ಈಗ ಹೋಗುವವಳಲ್ಲ ಎಂದು ಹೆಂಡತಿಗೆ ಹೇಳಿದರು.